ಹಲ್ಲಿನ ಕಿಟ್ಟ ಕೆರೆಯೋಕೂ ಒಂದು ಡಿಗ್ರಿಯಾ?

ಓದುವುದನ್ನು ಒಂದು ನಿಮಿಷ ನಿಲ್ಲಿಸಿ. ನಾಲಿಗೆಯ ತುದಿಯನ್ನು ಕೆಳಗಿನ ಸಾಲಿನ ಮುಂದಿನ ಹಲ್ಲುಗಳ ಹಿಂಬದಿಗೆ ತಾಗಿಸಿ ನೋಡಿ. ನುಣ್ಣಗಿದ್ದರೆ ಸರಿ. ಒರಟಾಗಿದ್ದರೆ, ಹಲ್ಲು ಹಲ್ಲಿನ ನಡುವೆ ಸಂದೇ ಇಲ್ಲದ ಹಾಗೆ ಸಣ್ಣದೊಂದು ಗೋಡೆ ಎದ್ದಂತೆ ಅನಿಸಿದರೆ ಅದು ಕಿಟ್ಟ. ಹಳೇ ನಲ್ಲಿಯ ಬುಡದಲ್ಲಿ ಬಿಳಿ ಗಾರೆ ಕಟ್ಟುತ್ತದಲ್ಲ, ಹಾಗೆಯೇ. ಜೊಲ್ಲಿನಲ್ಲಿರುವ ಸುಣ್ಣದ ಅಂಶ ಹಲ್ಲಿನ ಮೇಲಿನ ಪಾಚಿಯೊಳಗೆ ಇಳಿದು ಗಟ್ಟಿಯಾಗುತ್ತದೆ. ಜೊಲ್ಲಿನ ನಾಳದ ಬಾಯಿ ನಾಲಿಗೆಯ ಕೆಳಗೇ ಇರುವುದರಿಂದ ಆ ಜಾಗದಲ್ಲಿ ಜಾಸ್ತಿ. ಇನ್ನೊಂದು ನಾಳ ಮೇಲಿನ ದವಡೆ ಹಲ್ಲಿನ ಎದುರು, ಕೆನ್ನೆಯ ಒಳಗೆ ತೆರೆದುಕೊಳ್ಳುತ್ತದೆ. ಅಲ್ಲೂ ಇದೇ ಕಥೆ. ಒಮ್ಮೆ ಗಟ್ಟಿಯಾದರೆ ಬ್ರಷ್ಷಿಗೆ ಜಗ್ಗಲ್ಲ.

ಅದನ್ನು ಕೆರೆದು ತೆಗೆಯುವುದು, ವಸಡು ಎಷ್ಟು ಹಾಳಾಗಿದೆ ಅಂತ ಅಳೆಯುವುದು, ಮತ್ತೆ ಕಟ್ಟದ ಹಾಗೆ ನಿಮಗೆ ಹೇಳಿಕೊಡುವುದು. ಇಷ್ಟೇ ಕೆಲಸವಾಗಿರುವ ವೃತ್ತಿಯೊಂದಿದೆ, ಹೆಸರು ಡೆಂಟಲ್ ಹೈಜೀನಿಸ್ಟ್. ಕೆಲವು ದೇಶಗಳಲ್ಲಿ ಇದಕ್ಕೆ ಮೂರು ನಾಲ್ಕು ವರ್ಷದ ವಿಶ್ವವಿದ್ಯಾಲಯದ ಪದವಿ ಇದೆ. ನಮ್ಮಲ್ಲೂ ಈಗ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಕೈಗೆ ಸಿಗುವ ಕರಪತ್ರಗಳಲ್ಲಿ ಈ ಹೆಸರು ಕಾಣಿಸಿಕೊಳ್ಳುತ್ತಿದೆ. ನನ್ನ ಅಕ್ಕನ ಮಗಳು ಅಂಥದ್ದೊಂದನ್ನು ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದಳು. "ಚಿಕ್ಕಮ್ಮ, ಇದಕ್ಕೆ ನೀಟ್ ಬೇಡ್ವಂತೆ. ಫಾರಿನ್ನಲ್ಲಿ ಕೆಲಸ ಗ್ಯಾರಂಟಿ ಅಂತೆ. ಸೇರ್ಲಾ?"

ನಾನು ಓದಿದ್ದು ಬಿ.ಡಿ.ಎಸ್., ಅಂದರೆ ದಂತವೈದ್ಯರ ಪದವಿ. ಸಣ್ಣ ಊರಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಅವಳಿಗೆ ಕೂಡಲೇ ಹೂಂ ಅನ್ನಲೂ ಆಗಲಿಲ್ಲ, ಬೇಡ ಅನ್ನಲೂ ಆಗಲಿಲ್ಲ. ಓದು ಒಳ್ಳೆಯದೇ. ಆದರೆ ಆ ಓದಿಗೆ ನಮ್ಮಲ್ಲಿ ಕೂರೋಕೆ ಕುರ್ಚಿ ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಈ ವೃತ್ತಿ ಹುಟ್ಟಿದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಎಂಬ ಊರಿನಲ್ಲಿ. ಅಲ್ಲಿ ಆಲ್ಫ್ರೆಡ್ ಫೋನ್ಸ್ ಅಂತ ಒಬ್ಬ ದಂತವೈದ್ಯ. ಹುಳುಕು ಹಲ್ಲು ಕೀಳುವುದಕ್ಕಿಂತ ಹುಳುಕೇ ಆಗದ ಹಾಗೆ ನೋಡಿಕೊಳ್ಳುವುದು ವಾಸಿ ಅನ್ನುವ ಹಠ ಅವನದು. ಆದರೆ ಪ್ರತಿ ರೋಗಿಯ ಹಲ್ಲನ್ನೂ ಕೂತು ಸ್ವಚ್ಛ ಮಾಡುತ್ತಾ ಹೋದರೆ ಬೇರೆ ಕೆಲಸ ಯಾವಾಗ ಮಾಡುವುದು? 1906ರಲ್ಲಿ ತನ್ನ ಸಹಾಯಕಿ, ಸಂಬಂಧದಲ್ಲಿ ಸೋದರಿಯೂ ಆಗಿದ್ದ ಐರೀನ್ ನ್ಯೂಮನ್‌ಗೆ ಆ ಕೆಲಸ ಕಲಿಸಿದ. ಮರುವರ್ಷವೇ ರಾಜ್ಯದ ಕಾನೂನು ತಿದ್ದುಪಡಿಯಾಗಿ ಸಹಾಯಕಿಯರು ಹಲ್ಲು ಸ್ವಚ್ಛ ಮಾಡಬಹುದು ಅಂತಾಯಿತು. 1913ರಲ್ಲಿ ಗಾಡಿ ನಿಲ್ಲಿಸುವ ತನ್ನ ಶೆಡ್ಡಿನಲ್ಲೇ ಮೊದಲ ಶಾಲೆ ತೆರೆದ. 1914ರಲ್ಲಿ ಹೊರಬಂದ ಮೊದಲ ತಂಡದಲ್ಲಿ ಹೆಚ್ಚಿನವರು ಹೋಗಿದ್ದು ಕ್ಲಿನಿಕ್ಕುಗಳಿಗಲ್ಲ, ಊರಿನ ಶಾಲೆಗಳಿಗೆ, ಮಕ್ಕಳ ಹಲ್ಲು ನೋಡಲು. "ಡೆಂಟಲ್ ನರ್ಸ್" ಅನ್ನುವ ಹೆಸರು ಅವನಿಗೆ ಹಿಡಿಸಿರಲಿಲ್ಲ. ನರ್ಸ್ ಅಂದರೆ ಜನಕ್ಕೆ ಕಾಯಿಲೆ ನೆನಪಾಗುತ್ತದೆ, ಇವರ ಕೆಲಸ ಕಾಯಿಲೆ ಬರುವುದಕ್ಕೆ ಮೊದಲಿನದು ಅಂತ.

ಇಲ್ಲಿ ಗಮನಿಸಬೇಕಾದ್ದು ಕ್ರಮ. ಮೊದಲು ಕೆಲಸ ಬಂತು. ಆಮೇಲೆ ಕಾನೂನು. ಆಮೇಲೆ ಶಾಲೆ. ಪದವಿ ಬಂದಿದ್ದು ಎಷ್ಟೋ ವರ್ಷಗಳ ನಂತರ. ನಮ್ಮಲ್ಲಿ ಇದು ಉಲ್ಟಾ.

ನಮ್ಮಲ್ಲಿ ಕಾನೂನು ಮೊದಲೇ ಇತ್ತು. 1948ರ ದಂತವೈದ್ಯರ ಕಾಯ್ದೆಯಲ್ಲೇ ಹೈಜೀನಿಸ್ಟ್ ಅಂದರೆ ಯಾರು ಅಂತ ಬರೆದಿದೆ. ದಂತವೈದ್ಯರೂ ಅಲ್ಲದ, ವೈದ್ಯರೂ ಅಲ್ಲದ, ಹಲ್ಲನ್ನು ಕೆರೆದು, ಸ್ವಚ್ಛ ಮಾಡಿ, ಹೊಳಪು ಕೊಡುವ ಅಥವಾ ಹಲ್ಲಿನ ಶುಚಿತ್ವ ಹೇಳಿಕೊಡುವ ವ್ಯಕ್ತಿ. ಇವರಿಗೆ ನೋಂದಣಿ ಪುಸ್ತಕ ಬೇರೆ. ದಂತವೈದ್ಯ ಪರಿಷತ್ತಿನ ಎರಡು ವರ್ಷದ ಡಿಪ್ಲೊಮಾ ಕೋರ್ಸೂ ಇದೆ. ಎಲ್ಲಾ ಇದೆ. ಈಗ ನೀವೇ ಹೇಳಿ, ನಿಮ್ಮ ಜೀವನದಲ್ಲಿ ಒಮ್ಮೆಯಾದರೂ ಹೈಜೀನಿಸ್ಟ್ ಕೈಯಲ್ಲಿ ಹಲ್ಲು ಸ್ವಚ್ಛ ಮಾಡಿಸಿಕೊಂಡಿದ್ದೀರಾ? ಮಾಡಿದ್ದು ಡಾಕ್ಟರೇ ಅಲ್ವಾ?

ಅದೇ ಕಾಯ್ದೆಯಲ್ಲಿ ಇನ್ನೊಂದು ಹೆಸರಿದೆ, ಡೆಂಟಲ್ ಮೆಕ್ಯಾನಿಕ್. ಹಲ್ಲು ಸೆಟ್ಟು, ಕ್ಯಾಪು, ಬ್ರಿಜ್ಜು ಮಾಡುವವರು. ಇದಕ್ಕೂ ಎರಡೇ ವರ್ಷದ ಡಿಪ್ಲೊಮಾ. ಆದರೆ ಮೆಕ್ಯಾನಿಕ್‌ಗಳಿಗೆ ಕೆಲಸಕ್ಕೆ ಬರವಿಲ್ಲ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಲ್ಯಾಬ್‌ಗಳು ಇಂಥವರಿಂದಲೇ ನಡೆಯುತ್ತವೆ. ಒಂದೇ ಕಾನೂನಿನ ಎರಡು ಮಕ್ಕಳಲ್ಲಿ ಒಬ್ಬ ದುಡಿಯುತ್ತಿದ್ದಾನೆ, ಇನ್ನೊಬ್ಬಳು ಮನೆಯಲ್ಲಿ ಕೂತಿದ್ದಾಳೆ. ಕಾರಣ ತೀರಾ ಸರಳ. ಮೇಣ ಕಾಯಿಸಿ, ಅಚ್ಚು ಹೊಯ್ದು, ಪಾಲಿಶ್ ಮಾಡುತ್ತಾ ಕೂರಲು ಯಾವ ದಂತವೈದ್ಯರಿಗೂ ಇಷ್ಟವಿಲ್ಲ, ಹಾಗಾಗಿ ಆ ಕೆಲಸವನ್ನು ಖುಷಿಯಿಂದ ಹೊರಗೆ ಕೊಟ್ಟರು. ಸ್ಕೇಲಿಂಗ್, ಅಂದರೆ ಕಿಟ್ಟ ಕೆರೆಯುವುದು, ಹಾಗಲ್ಲ. ಅರ್ಧ ಮುಕ್ಕಾಲು ಗಂಟೆಯ ಕೆಲಸ, ಐನೂರೋ ಸಾವಿರವೋ ಕೈಗೆ ಬರುತ್ತದೆ, ಸಾಮಾನು ಖರ್ಚಾಗುವುದು ಕಡಿಮೆ, ಜೊತೆಗೆ ಬಾಯಿಯೆಲ್ಲ ನೋಡಿದಾಗ ಇನ್ನೆರಡು ಹುಳುಕು ಕಣ್ಣಿಗೆ ಬೀಳುತ್ತವೆ. ಇದನ್ನು ಯಾರು ಬಿಟ್ಟುಕೊಡುತ್ತಾರೆ? ನಾನೂ ಬಿಟ್ಟುಕೊಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ.

ಇದರ ಮೇಲೆ ಬಿ.ಡಿ.ಎಸ್. ಸೀಟುಗಳ ಭರಾಟೆ. ದೇಶದಲ್ಲಿ 300ಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ, ಕರ್ನಾಟಕದಲ್ಲೇ 40 ದಾಟಿವೆ. ಐದು ವರ್ಷ ಓದಿ ಹೊರಬಂದ ಹುಡುಗ ಹುಡುಗಿಯರು ಹದಿನೈದು ಇಪ್ಪತ್ತು ಸಾವಿರಕ್ಕೆ ಬೇರೆಯವರ ಕ್ಲಿನಿಕ್ಕಿನಲ್ಲಿ ದಿನವಿಡೀ ಸ್ಕೇಲಿಂಗ್ ಮಾಡುವುದನ್ನು ನಾನು ನೋಡಿದ್ದೇನೆ. ಆ ದುಡ್ಡಿಗೆ ಡಾಕ್ಟರೇ ಸಿಗುವಾಗ ಹೈಜೀನಿಸ್ಟನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಂದರೆ ನಮ್ಮಲ್ಲಿ ಹೈಜೀನಿಸ್ಟ್ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಇದ್ದಾರೆ. ಅವರ ಕೈಯಲ್ಲಿರುವುದು ಬಿ.ಡಿ.ಎಸ್. ಸರ್ಟಿಫಿಕೇಟು, ಅಷ್ಟೇ ವ್ಯತ್ಯಾಸ.

ಹಾಗಾದರೆ ಕೆರೆಯುವುದರಲ್ಲಿ ಕಲಿಯಲು ಅಷ್ಟೆಲ್ಲ ಏನಿದೆ? ಇದನ್ನು ನನ್ನನ್ನು ತುಂಬಾ ಜನ ಕೇಳಿದ್ದಾರೆ, ನಮ್ಮ ಮನೆಯವರನ್ನೂ ಸೇರಿಸಿ.

ಮೊದಲು ಅಳತೆ. ಹಲ್ಲಿಗೂ ವಸಡಿಗೂ ನಡುವೆ ಸಣ್ಣ ಸಂದು ಇರುತ್ತದೆ. ಆರೋಗ್ಯವಾಗಿರುವ ಬಾಯಲ್ಲಿ ಅದರ ಆಳ ಒಂದರಿಂದ ಮೂರು ಮಿಲಿಮೀಟರ್. ನಾಲ್ಕು ದಾಟಿತು ಅಂದರೆ ಒಳಗೆ ಏನೋ ನಡೆಯುತ್ತಿದೆ ಅಂತ. ಪ್ರೋಬ್ ಅನ್ನುವ ಗೆರೆ ಹಾಕಿದ ತೆಳ್ಳನೆ ಕಡ್ಡಿಯನ್ನು ಆ ಸಂದಿಗೆ ಇಳಿಸಿ ಅಳೆಯಬೇಕು. ಒಂದು ಹಲ್ಲಿಗೆ ಆರು ಕಡೆ, ಹೊರಗೆ ಮೂರು, ಒಳಗೆ ಮೂರು. 28 ಹಲ್ಲಿದ್ದರೆ 168 ಅಳತೆ. ಜೋರಾಗಿ ಒತ್ತಿದರೆ ರೋಗಿ ಕಿರುಚುತ್ತಾರೆ, ಅಳತೆಯೂ ತಪ್ಪುತ್ತದೆ. ಮೆಲ್ಲಗೆ ಹಿಡಿದರೆ ತಳ ಮುಟ್ಟಲ್ಲ. ಉಗುರಿನ ಬುಡಕ್ಕೆ ಒತ್ತಿದರೆ ಚರ್ಮ ಬೆಳ್ಳಗಾಗುತ್ತದಲ್ಲ, ಅಷ್ಟು ಒತ್ತಡ ಸಾಕು ಅಂತ ನಮಗೆ ಹೇಳಿಕೊಟ್ಟಿದ್ದರು. ಅದು ಕೈಗೆ ಹತ್ತಲು ತಿಂಗಳುಗಳೇ ಬೇಕು.

ಆಮೇಲೆ ಕೆರೆಯುವುದು. ಕಣ್ಣಿಗೆ ಕಾಣುವ ಕಿಟ್ಟ ಮೆಷಿನ್ನಿಗೆ ಉದುರುತ್ತದೆ. ವಸಡಿನ ಕೆಳಗೆ ಬೇರಿಗೆ ಅಂಟಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ಬೆರಳಿನಿಂದ ಕೇಳಬೇಕು. ಗ್ರೇಸಿ ಕ್ಯುರೆಟ್ ಅನ್ನುವ ಸಲಕರಣೆಗಳ ಒಂದು ಸೆಟ್ಟೇ ಇದೆ. ದವಡೆ ಹಲ್ಲಿನ ಮುಂದಿನ ಮಗ್ಗುಲಿಗೆ 11-12 ನಂಬರಿನದು, ಹಿಂದಿನ ಮಗ್ಗುಲಿಗೆ 13-14ರದು. ನೋಡಲು ಎರಡೂ ಕೊಕ್ಕೆಗಳೇ, ಅದಲು ಬದಲಾದರೆ ಮಾತ್ರ ಚೂಪಾದ ಬದಿ ಹಲ್ಲಿನ ಬದಲು ವಸಡಿಗೆ ತಾಗುತ್ತದೆ. ಪೆನ್ನು ಹಿಡಿದ ಹಾಗೆ ಹಿಡಿದು, ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಮಣಿಕಟ್ಟಿನಿಂದ ಎಳೆಯಬೇಕು. ಬರೀ ಬೆರಳಿನಿಂದ ಎಳೆದರೆ ಐದು ವರ್ಷದಲ್ಲಿ ಕೈ ಕೈಕೊಡುತ್ತದೆ. ಕತ್ತು, ಬೆನ್ನು, ಮಣಿಕಟ್ಟಿನ ನೋವು ಈ ಕೆಲಸದ ಜೊತೆಗೇ ಬರುವ ನೆಂಟರು, ಆದ್ದರಿಂದ ಒಳ್ಳೆಯ ಕೋರ್ಸುಗಳಲ್ಲಿ ಕೂರುವ ಭಂಗಿಯನ್ನೂ ಪಾಠವಾಗಿ ಕಲಿಸುತ್ತಾರೆ.

ಮೂರನೆಯದು ಗುರುತು ಹಿಡಿಯುವುದು. ಕೋಲಾರ, ಪಾವಗಡ ಕಡೆಯಿಂದ ಬಂದವರ ಹಲ್ಲಿನ ಕಂದು ಗೆರೆಗಳನ್ನು ಎಷ್ಟು ಕೆರೆದರೂ ಹೋಗಲ್ಲ, ಅದು ಕೊಳೆಯಲ್ಲ, ನೀರಿನ ಫ್ಲೋರೈಡ್ ಹಲ್ಲು ಬೆಳೆಯುವಾಗಲೇ ಒಳಗೆ ಬರೆದಿದ್ದು. ಗುಟ್ಕಾ ಹಾಕುವ ಹುಡುಗನಿಗೆ ಮೂರು ಬೆರಳು ನಿಲ್ಲಿಸಿ ಬಾಯಿಗೆ ಹಾಕು ಅಂದಾಗ ಎರಡೇ ಬೆರಳು ಹೋದರೆ, ಅಲ್ಲಿ ಸ್ಕೇಲಿಂಗ್ ಮಾತು ಬಿಟ್ಟು ಬೇರೆ ಮಾತು ಆಡಬೇಕು. ಬಾಯಿ ಬಿಗಿಯುವುದು ಕ್ಯಾನ್ಸರ್ ಕಡೆಗೆ ಹೋಗಬಲ್ಲ ದಾರಿ. ಇನ್ನು ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಹಾಳಾಗುತ್ತದೆ, ವಸಡು ಹಾಳಾದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಬಾಯಲ್ಲೇ ನೋಡಿ "ಶುಗರ್ ಚೆಕ್ ಮಾಡಿಸಿದ್ದೀರಾ?" ಅಂತ ಕೇಳುವ ಕಣ್ಣು ಬರಬೇಕಾದರೆ ದೇಹಶಾಸ್ತ್ರ, ಸೂಕ್ಷ್ಮಜೀವಿ, ಔಷಧ, ಎಲ್ಲ ಸ್ವಲ್ಪ ಸ್ವಲ್ಪ ಓದಿರಬೇಕು.

ಕೊನೆಯದು ಮಾತು. ನಾನು ಇದನ್ನು ಕಾಲೇಜಿನಲ್ಲಿ ಕಲಿಯಲೇ ಇಲ್ಲ. ಒಂದು ಕ್ಯಾಂಪಿನಲ್ಲಿ ಅಜ್ಜಿಯೊಬ್ಬರು ಶಾಲೆಯ ಬೆಂಚಿನ ಮೇಲೆ ಕೂತು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. "ಬ್ಯಾಡವ್ವ, ಕಿಲೀನ್ ಮಾಡಿಸಿದ್ರೆ ಹಲ್ಲು ಅಳ್ಳಾಡ್ತಾವಂತೆ." ಇದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಸುಳ್ಳು ಅಂತ ತಳ್ಳಿಹಾಕುವುದು ಸುಲಭ, ಆದರೆ ಅಜ್ಜಿ ಕಂಡಿದ್ದು ಸುಳ್ಳಲ್ಲ. ಒಳಗೆ ಮೂಳೆ ಮೊದಲೇ ಕರಗಿರುತ್ತದೆ. ಕಿಟ್ಟ ಸಿಮೆಂಟಿನ ಹಾಗೆ ನಾಲ್ಕು ಹಲ್ಲನ್ನು ಒಟ್ಟಿಗೆ ಹಿಡಿದುಕೊಂಡಿರುತ್ತದೆ. ಅದು ಹೋದಾಗ ಅಲ್ಲಾಡುವುದು ಗೊತ್ತಾಗುತ್ತದೆ. ಇದನ್ನು ಅವರ ಮಾತಿನಲ್ಲಿ, ಅವರಿಗೆ ಬೇಜಾರಾಗದ ಹಾಗೆ ಹೇಳಲು ಹತ್ತು ನಿಮಿಷ ಬೇಕು. ಹೊರಗೆ ಇಪ್ಪತ್ತು ಜನ ಕಾಯುತ್ತಿರುವ ಡಾಕ್ಟರಿಗೆ ಆ ಹತ್ತು ನಿಮಿಷ ಇರುವುದಿಲ್ಲ. ಹೈಜೀನಿಸ್ಟ್ ಬೇಕು ಅನ್ನುವ ನನ್ನ ವಾದ ನಿಂತಿರುವುದೇ ಈ ಹತ್ತು ನಿಮಿಷದ ಮೇಲೆ.

ಹೊರದೇಶದಲ್ಲಿ ಈ ಸಮಯಕ್ಕೆ ಬೆಲೆ ಇದೆ. ಅಮೆರಿಕದಲ್ಲಿ ಹೈಜೀನಿಸ್ಟ್‌ಗಳ ನಡುಮಟ್ಟದ ಸಂಬಳ 2023ರಲ್ಲಿ ವರ್ಷಕ್ಕೆ 87,530 ಡಾಲರ್ ಇತ್ತು. ಅಲ್ಲಿನವರು ಹಲ್ಲನ್ನು ದೇವರ ಹಾಗೆ ಪೂಜಿಸುತ್ತಾರೆ ಅಂತಲ್ಲ. ಅಲ್ಲಿ ಡೆಂಟಲ್ ವಿಮೆಗಳು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಸ್ವಚ್ಛತೆಗೆ ದುಡ್ಡು ಕೊಡುತ್ತವೆ, ಅದಕ್ಕೊಂದು ಕೋಡ್ ಇದೆ, ಡಿ1110 ಅಂತ. ಆ ಕೋಡ್ ಬರೆದ ತಕ್ಷಣ ಹೈಜೀನಿಸ್ಟಿನ ಕುರ್ಚಿ ತಾನಾಗಿಯೇ ದುಡಿಯುತ್ತದೆ. ಡಾಕ್ಟರು ಪಕ್ಕದ ಕೋಣೆಯಲ್ಲಿ ರೂಟ್ ಕೆನಾಲ್ ಮಾಡುತ್ತಿರುವಾಗ ಇಲ್ಲಿ ಇನ್ನೊಂದು ಬಿಲ್ ಆಗುತ್ತಿರುತ್ತದೆ. ಅಲ್ಲಿ ಹೆಚ್ಚಿನವರು ಓದುವುದು ಪದವಿಗಿಂತ ಕೆಳಗಿನ ಅಸೋಸಿಯೇಟ್ ಕೋರ್ಸು. ಲೈಸೆನ್ಸಿಗೆ ಅದು ಸಾಕು. ಪೂರ್ಣ ಪದವಿ ಬೇಕಾಗುವುದು ಪಾಠ ಮಾಡಲು, ಸಾರ್ವಜನಿಕ ಆರೋಗ್ಯದ ಕೆಲಸಕ್ಕೆ, ಸಂಶೋಧನೆಗೆ.

(ಒಂದು ತಮಾಷೆ ಹೇಳಲೇಬೇಕು. ಲೈಸೆನ್ಸ್ ಪರೀಕ್ಷೆಗೆ ಅಲ್ಲಿನ ವಿದ್ಯಾರ್ಥಿಗಳು ಸಾಕಷ್ಟು ಕಿಟ್ಟ ಇರುವ ರೋಗಿಯನ್ನು ತಾವೇ ಹುಡುಕಿ ಕರೆತರಬೇಕಿತ್ತು. ಕೋವಿಡ್ ನಂತರ ಬೊಂಬೆಯ ಮೇಲೆ ಪರೀಕ್ಷೆ ಬಂತು. ಬಿ.ಡಿ.ಎಸ್. ಓದುವಾಗ ಇಷ್ಟು ರೋಗಿಗಳನ್ನು ನೋಡಲೇಬೇಕು ಅನ್ನುವ ಕೋಟಾ ಮುಗಿಸಲು ಹಾಸ್ಟೆಲ್ ಅಡುಗೆಯವರನ್ನೂ ಆಟೋ ಅಣ್ಣಂದಿರನ್ನೂ ಬಸ್ ಚಾರ್ಜು ಕೊಟ್ಟು ಕರೆತಂದಿದ್ದ ನಮಗೆ ಇದನ್ನು ಕೇಳಿ ಎಷ್ಟು ಸಮಾಧಾನವಾಯಿತು ಅಂದರೆ!)

ಕೆಲವು ದೇಶಗಳಲ್ಲಿ ಹೈಜೀನಿಸ್ಟ್‌ಗಳ ಅಧಿಕಾರವೂ ಬೆಳೆದಿದೆ. ನೆದರ್‌ಲೆಂಡ್ಸ್‌ನಲ್ಲಿ ಇದು ನಾಲ್ಕು ವರ್ಷದ ಬ್ಯಾಚುಲರ್ ಪದವಿ. 2020ರ ಜುಲೈನಿಂದ ಐದು ವರ್ಷದ ಪ್ರಯೋಗವೊಂದು ನಡೆಯಿತು. ಅರ್ಹ ಹೈಜೀನಿಸ್ಟ್‌ಗಳು ದಂತವೈದ್ಯರ ಚೀಟಿ ಇಲ್ಲದೆ ಮರಗಟ್ಟುವ ಇಂಜೆಕ್ಷನ್ ಕೊಡಬಹುದು, ಎಕ್ಸ್‌ರೇ ತೆಗೆಯಬಹುದು, ಸಣ್ಣ ಹುಳುಕು ತುಂಬಬಹುದು ಅಂತ. ಅಲ್ಲಿನ ದಂತವೈದ್ಯರು ವಿರೋಧಿಸಿದ್ದೂ ಉಂಟು. ಈ ಜಗಳ ನಮ್ಮೂರಿನದು ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ 2013ರ ಮೇ ತಿಂಗಳಿಂದ ರೋಗಿ ದಂತವೈದ್ಯರ ಹತ್ತಿರ ಹೋಗದೆ ನೇರವಾಗಿ ಹೈಜೀನಿಸ್ಟ್ ಹತ್ತಿರ ಹೋಗಬಹುದು.

ಇಲ್ಲೇ ನಮ್ಮವರ ಕಥೆಯೂ ಬರುತ್ತದೆ. ಬಿ.ಡಿ.ಎಸ್. ಮುಗಿಸಿ ಮದುವೆಯಾಗಿ ಅಮೆರಿಕಕ್ಕೆ ಹೋದ ನಮ್ಮ ಕಡೆಯ ಹೆಣ್ಣುಮಕ್ಕಳು ಎಷ್ಟೋ ಜನ. ಅಲ್ಲಿ ದಂತವೈದ್ಯರಾಗಬೇಕಾದರೆ ಸಾಮಾನ್ಯವಾಗಿ ಮತ್ತೆ ಎರಡು ಮೂರು ವರ್ಷ ಓದಬೇಕು, ಫೀಸು ಲಕ್ಷ ಡಾಲರ್ ದಾಟುತ್ತದೆ. ಫ್ಲಾರಿಡಾ ರಾಜ್ಯದಲ್ಲಿ ಹೊರದೇಶದ ದಂತವೈದ್ಯ ಪದವಿ ಇದ್ದವರೂ ಪರೀಕ್ಷೆಗಳನ್ನು ಪಾಸು ಮಾಡಿ ಹೈಜೀನಿಸ್ಟ್ ಲೈಸೆನ್ಸ್ ಪಡೆಯುವ ದಾರಿ ಇದೆ. ಬ್ರಿಟನ್ನಿನಲ್ಲೂ ಇಂಥ ಕಿಂಡಿ ಇತ್ತು, ನಮ್ಮವರು ಬಿ.ಡಿ.ಎಸ್. ತೋರಿಸಿ ಹೈಜೀನಿಸ್ಟ್ ಅಥವಾ ಡೆಂಟಲ್ ಥೆರಪಿಸ್ಟ್ (ಹುಳುಕು ತುಂಬುವಂಥ ಸಣ್ಣ ಚಿಕಿತ್ಸೆಯನ್ನೂ ಮಾಡುವವರು) ಅಂತ ಹೆಸರು ನೋಂದಾಯಿಸಿಕೊಳ್ಳುತ್ತಿದ್ದರು. 2023ರ ಮಾರ್ಚ್ 8ಕ್ಕೆ ಅದು ಮುಚ್ಚಿತು. ಆ ವಾರ ಅರ್ಜಿ ಅರ್ಧ ತುಂಬಿ ಇಟ್ಟುಕೊಂಡವರ ಪಾಡು ಬೇಡ.

ಕರಪತ್ರದಲ್ಲಿರುವ "ಫಾರಿನ್ ಕೆಲಸ ಗ್ಯಾರಂಟಿ" ಅನ್ನುವ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಐದು ವರ್ಷ ಓದಿದ ಬಿ.ಡಿ.ಎಸ್.ಗೇ ಒಂದು ಬಾಗಿಲು ಮುಚ್ಚಿತು. ಇಲ್ಲಿನ ಹೈಜೀನ್ ಪದವಿ ಹಿಡಿದು ಹೋದವರಿಗೆ ಅಲ್ಲಿ ಬಾಗಿಲು ತಾನಾಗಿ ತೆರೆಯುತ್ತದೆ ಅಂತ ನಂಬುವುದು ಹೇಗೆ? ಪ್ರತಿ ದೇಶದ, ಅಮೆರಿಕದಲ್ಲಾದರೆ ಪ್ರತಿ ರಾಜ್ಯದ, ಲೈಸೆನ್ಸ್ ನಿಯಮ ಬೇರೆ ಬೇರೆ. ಫೀಸು ಕಟ್ಟುವ ಮೊದಲು ಹೋಗಬೇಕೆಂದಿರುವ ದೇಶದ ನಿಯಮವನ್ನು ನೇರವಾಗಿ ಅವರದೇ ಕೌನ್ಸಿಲ್‌ನಲ್ಲಿ ಓದಿ, ಕಾಲೇಜಿನ ಏಜೆಂಟ್ ಬಾಯಿಂದ ಕೇಳಬೇಡಿ.

ಇಲ್ಲೇ ಇರುತ್ತೀನಿ ಅನ್ನುವವರಿಗೆ ಬೇರೆ ಲೆಕ್ಕ. 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತವೈದ್ಯ ಆಯೋಗದ ಕಾಯ್ದೆಯನ್ನು ಪಾಸು ಮಾಡಿತು, 1948ರ ಹಳೆಯ ಕಾಯ್ದೆಯ ಜಾಗಕ್ಕೆ. ದಂತವೈದ್ಯರ ಜೊತೆ ಅವರ ಸಹಾಯಕ ವೃತ್ತಿಗಳವರಿಗೂ ರಾಷ್ಟ್ರಮಟ್ಟದ ನೋಂದಣಿ ಅನ್ನುವ ಮಾತು ಅದರಲ್ಲಿದೆ. ಒಳ್ಳೆಯದೇ. ಆದರೆ 75 ವರ್ಷ ನೋಂದಣಿ ಪುಸ್ತಕ ಇತ್ತಲ್ಲ, ಅದರಿಂದ ಏನಾಯಿತು? ಪುಸ್ತಕದಲ್ಲಿ ಹೆಸರಿದ್ದರೆ ಸಂಬಳ ಬರಲ್ಲ. ಹುದ್ದೆ ಬೇಕು.

ಖಾಸಗಿ ಕ್ಲಿನಿಕ್ಕುಗಳು ಈ ಹುದ್ದೆ ಹುಟ್ಟಿಸುವುದಿಲ್ಲ, ಕಾರಣ ಮೇಲೆ ಹೇಳಿದೆ. ಹುಟ್ಟಿಸಬಲ್ಲದ್ದು ಸರ್ಕಾರ ಒಂದೇ. ನಮ್ಮ ರಾಜ್ಯ 2014ರಲ್ಲಿ ದಂತಭಾಗ್ಯ ಯೋಜನೆ ತಂದಿತು, ಬಡ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ಟು ಕಟ್ಟಿಸಿಕೊಡಲು. ಅದನ್ನು ನಾನು ಹೀಗಳೆಯುವುದಿಲ್ಲ. ಹಲ್ಲಿಲ್ಲದ ಬಾಯಲ್ಲಿ ರೊಟ್ಟಿ ನೆನೆಸಿ ತಿನ್ನುತ್ತಿದ್ದವರು ಸೆಟ್ಟು ಹಾಕಿಕೊಂಡು ಮೊದಲ ಸಲ ಕನ್ನಡಿ ನೋಡಿಕೊಳ್ಳುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಎಲ್ಲ ಹಲ್ಲೂ ಹೋದ ಮೇಲೆ ಬರುವ ಭಾಗ್ಯ ಅದು. ಆ ಹಲ್ಲುಗಳಲ್ಲಿ ಎಷ್ಟೋ ವಸಡಿನ ಕಾಯಿಲೆಯಿಂದ ಹೋದವು, ನಲವತ್ತನೇ ವಯಸ್ಸಿನಲ್ಲಿ ಯಾರಾದರೂ ಕೂತು ಕೆರೆದು, ಬ್ರಷ್ ಹಿಡಿಯುವುದು ಹೇಗೆ ಅಂತ ತೋರಿಸಿದ್ದರೆ ಉಳಿಯುತ್ತಿದ್ದವು. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್ಕುಗಳಿವೆಯಲ್ಲ, ಅದರ ಪಕ್ಕದಲ್ಲಿ ಒಂದು ಕುರ್ಚಿ, ಒಬ್ಬ ಹೈಜೀನಿಸ್ಟ್. ಶುಗರ್ ಚೀಟಿ ಬರೆಸಿಕೊಂಡವರು ಅಲ್ಲೇ ಬಾಯಿ ತೋರಿಸಿ ಹೋಗಲಿ. ವಾರಕ್ಕೆರಡು ದಿನ ಅವರೇ ಸರ್ಕಾರಿ ಶಾಲೆಗಳಿಗೆ ಹೋಗಲಿ, ಬ್ರಿಜ್‌ಪೋರ್ಟಿನ ಆ ಮೊದಲ ತಂಡ ಹೋದ ಹಾಗೆ. "ಬಿ.ಡಿ.ಎಸ್.ನವರೇ ಕೆಲಸ ಇಲ್ಲದೆ ಕೂತಿದ್ದಾರೆ, ಅವರನ್ನೇ ಹಾಕಿ" ಅಂತ ಕೇಳುವವರಿರುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಹಾಕಲಿ, ಆದರೆ ಹಲ್ಲು ಕೀಳುವ ಸಾಲು ಉದ್ದವಾದ ದಿನ ಅವರನ್ನು ಅಲ್ಲಿಗೆ ಎಳೆದುಕೊಂಡು ಹೋಗುತ್ತಾರೆ, ಶಾಲೆಯ ಭೇಟಿ ಮುಂದಕ್ಕೆ ಹೋಗುತ್ತದೆ. ಕೀಳಲು ಅನುಮತಿಯೇ ಇಲ್ಲದವರಾದರೆ ಮಾತ್ರ ಉಳಿಸುವ ಕೆಲಸದಲ್ಲಿ ನಿಲ್ಲುತ್ತಾರೆ.

ಅಂಥ ಹುದ್ದೆ ಬರುವವರೆಗೆ ಪದವಿ ಅನ್ನುವುದು ಸ್ವಲ್ಪ ಜೂಜೇ. ಎರಡು ವರ್ಷದ ಡಿಪ್ಲೊಮಾ ಮಾನ್ಯತೆ ಇರುವ ಕಡೆ, ಅದರಲ್ಲೂ ಸರ್ಕಾರಿ ಫೀಸಿನಲ್ಲಿ ಸಿಕ್ಕರೆ, ಕಳೆದುಕೊಳ್ಳುವುದು ಕಡಿಮೆ. ಲಕ್ಷಗಟ್ಟಲೆ ಕೇಳುವ ಪದವಿಯಾದರೆ ನಾನು ಎರಡು ಸಲ ಯೋಚಿಸುತ್ತೇನೆ. ಅಕ್ಕನ ಮಗಳ ಕರಪತ್ರದಲ್ಲಿದ್ದ ನಂಬರಿಗೆ ನಾನೇ ಫೋನ್ ಮಾಡಿದೆ. ನಿಮ್ಮ ಕೋರ್ಸಿಗೆ ಯಾವ ಪರಿಷತ್ತಿನ ಮಾನ್ಯತೆ ಇದೆ, ಮುಗಿಸಿದವರ ಹೆಸರು ಯಾವ ರಿಜಿಸ್ಟರಿಗೆ ಸೇರುತ್ತದೆ, ಹೋದ ವರ್ಷದವರು ಈಗ ಎಲ್ಲಿದ್ದಾರೆ ಅಂತ ಕೇಳಿದೆ. "ಮೇಡಂ, ಸೀಟು ನಾಲ್ಕೇ ಉಳಿದಿರೋದು, ಮೊದ್ಲು ಅಡ್ಮಿಷನ್ ಮಾಡಿಸ್ಕೊಳಿ, ಅದೆಲ್ಲ ಆಮೇಲೆ ಮಾತಾಡೋಣ" ಅಂದರು.

ಅವಳನ್ನು ಆ ವಾರ ಕ್ಲಿನಿಕ್ಕಿನಲ್ಲೇ ಕೂರಿಸಿಕೊಂಡೆ. ನಾನು ಪ್ರೋಬ್ ಇಳಿಸಿ ಅಳತೆ ಹೇಳುವುದು, ಅವಳು ಚಾರ್ಟಿನಲ್ಲಿ ಬರೆಯುವುದು. ಮೂರು, ಎರಡು, ಮೂರು. ಐದು, ಮೂರು, ಏಳು. ಮೊದಲ ದಿನ ಮಧ್ಯಾಹ್ನಕ್ಕೇ ಆಕಳಿಸುತ್ತಾಳೆ ಅಂದುಕೊಂಡಿದ್ದೆ. ಎರಡನೇ ದಿನ ತೊಳೆದಿಟ್ಟ ಪ್ರೋಬನ್ನು ಬೆಳಕಿಗೆ ಹಿಡಿದು ನೋಡುತ್ತಾ ಕೇಳಿದಳು, "ಚಿಕ್ಕಮ್ಮ, ಇದ್ರಲ್ಲಿ ನಾಲ್ಕರ ಗೆರೆನೂ ಇಲ್ಲ, ಆರರದ್ದೂ ಇಲ್ಲ. ಯಾಕೆ?" ಗೆರೆಗಳು ಒತ್ತೊತ್ತಾಗಿದ್ದರೆ ಬಾಯೊಳಗೆ ಎಣಿಸುವಾಗ ತಪ್ಪುತ್ತದೆ, ಅದಕ್ಕೇ ಎರಡು ಕಡೆ ಜಾಗ ಬಿಟ್ಟಿದ್ದಾರೆ ಅಂದೆ. ನನ್ನ ಜೊತೆ ಓದಿದ ಎಷ್ಟೋ ಜನ ಇದನ್ನು ಗಮನಿಸದೆಯೇ ಇಂಟರ್ನ್‌ಶಿಪ್ ಮುಗಿಸಿದ್ದರು.

ಫಾರಂ ಇನ್ನೂ ತುಂಬಿಲ್ಲ. ಡಿಪ್ಲೊಮಾ ಯಾವ ಯಾವ ಕಾಲೇಜಿನಲ್ಲಿದೆ, ಅವುಗಳ ಹೆಸರು ಪರಿಷತ್ತಿನ ಪಟ್ಟಿಯಲ್ಲಿದೆಯಾ ಅಂತ ಅವಳೇ ಕೂತು ಹುಡುಕುತ್ತಿದ್ದಾಳೆ.